ಯೆರೆಮೀಯ 29:11 ಓದಿದ್ರೂ ಸಮಾಧಾನ ಇಲ್ಲ ಅಂದ್ರಲ್ಲ, ಅದಕ್ಕೆ

ಬ್ರದರ್, ಎರಡು ಬೋರ್ ಫೇಲ್ ಆಗಿ ಸಾಲ ತಲೆ ಮೇಲೆ ಕೂತೈತಿ, ದಿನಾ ಬೈಬಲಿನ ಆ ವಚನ ('ನಿಮಗೆ ಕೇಡಲ್ಲ, ಒಳ್ಳೇದೇ ಯೋಚಿಸಿದೀನಿ, ನಿರೀಕ್ಷೆ ಕೊಡ್ತೀನಿ' ಅಂತ ದೇವರು ಹೇಳೋದು) ಓದ್ತೀನಿ, ಸಮಾಧಾನ ಇಲ್ಲ, ನನ್ ನಂಬಿಕೆನೇ ಕಮ್ಮಿನಾ ಅಂತ ಕೇಳಿದ್ರಿ. ಹಂಗೇನಿಲ್ರಿ. ಕ್ಯಾಲೆಂಡರ್ ಮೇಲೆ ಅದೊಂದೇ ಸಾಲು ಹಾಕಿರ್ತಾರೆ, ಆದ್ರೆ ಅದರ ಹಿಂದಿನ 10ನೇ ವಚನ ನೋಡ್ರಿ, ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಹೋದ ಯೆಹೂದ್ಯರಿಗೆ 70 ವರ್ಷ ಆದ್ಮೇಲೆ ವಾಪಸ್ ಕರ್ಕೊಂಡ್ ಬರ್ತೀನಿ ಅಂತೈತಿ, ನಾವು ಮುಂದಿನ ಮಳೆಗಾಲಕ್ಕೇ ಕೇಳ್ತೀವಿ! ಅಲ್ಲಿತಂಕ ಮನೆ ಕಟ್ರಿ, ತೋಟ ಮಾಡ್ರಿ ಅಂತ 5ನೇ ವಚನ.

ನಂಗೆ ಹಿಡಿಸಿದ್ದು 32ನೇ ಅಧ್ಯಾಯ. ಯೆರೂಸಲೇಮಿಗೆ ಮುತ್ತಿಗೆ ಬಿದ್ದೈತಿ, ಪ್ರವಾದಿ ಯೆರೆಮೀಯ ಸೆರೆ ಕಾವಲಲ್ಲಿದಾನೆ, ಅಂಥ ಟೈಮಲ್ಲಿ 17 ಶೆಕೆಲ್ (ಆಗಿನ ತೂಕದ ಲೆಕ್ಕ) ಬೆಳ್ಳಿ ತೂಗಿಕೊಟ್ಟು ತನ್ನೂರು ಅನಾತೋತಿನ ಹೊಲ ತಗೊಂಡು ಪತ್ರನ ಮಣ್ಣಿನ ಗಡಿಗೇಲಿ ಇಡಿಸ್ತಾನೆ, ಬಹಳ ದಿನ ಉಳೀಲಿ ಅಂತ, ಈ ನಾಡಲ್ಲಿ ಮತ್ತೆ ಹೊಲ ಕೊಳ್ಳೋ ಕಾಲ ಬರುತ್ತೆ ಅನ್ನೋ ನಂಬಿಕೆ ಮೇಲೆ. ನಮ್ ಜಗಳೂರು ಕಡೆ ಮೆಕ್ಕೆಜೋಳ ಮೊಣಕಾಲೆತ್ತರಕ್ಕೇ ಒಣಗಿದ ವರ್ಷ ಅಪ್ಪ ಬದುವಿನ ಮೇಲೆ ಕೂತು ಇದನ್ನೇ ಓದ್ತಿದ್ರು.

ಅಳು ಬಂದ್ರೆ ಕೀರ್ತನೆ 13 ತೆಗೀರಿ, ಆರೇ ವಚನ, ಎಲ್ಲಿತಂಕ ಸ್ವಾಮಿ ಅಂತ ದಾವೀದನೂ ದೇವರ ಹತ್ರ ಜಗಳ ಆಡಿದಾನೆ. ಹಾಂ, ನಾಳೆನೇ ಸೊಸೈಟಿಗೆ ಹೋಗಿ ಕಂತಿನ ವಿಷ್ಯ ಮಾತಾಡ್ಕೊಂಡ್ ಬರ್ರಿ.