ಹೆಂಚಿನ ಅಟ್ಟದಲ್ಲಿ ಎಫ್‌ಎಂ ತಂತಿ

ಹೆಂಚಿನ ಮನೆಯ ಅಟ್ಟದೊಳಗೆ ಆಂಟೆನಾ ತಂತಿ ಕಟ್ಟಿದರೆ ರೇಡಿಯೋದಲ್ಲಿ ಮೈಸೂರು ಆಕಾಶವಾಣಿಯ ಎಫ್‌ಎಂ 100.6 ಚೆನ್ನಾಗಿ ಸಿಗುತ್ತಾ ಅಂತ ಕೇಳಿದ್ದೀರಿ. ಧಾರಾಳವಾಗಿ ಕಟ್ಟಿ ನೋಡಿ. ಮಣ್ಣಿನ ಹೆಂಚು ಸಿಗ್ನಲ್‌ಗೆ ಅಷ್ಟೇನೂ ಅಡ್ಡ ಬರಲ್ಲ. ತಗಡಿನ ಶೀಟ್ ಆಗಿದ್ದರೆ ಬೇಡ ಅಂತಿದ್ದೆ.

ಮಾಮೂಲಿ ವೈರಿಂಗ್ ತಂತಿಯ ಎರಡು ತುಂಡು ಸಾಕು, ತಲಾ 71 ಸೆಂ.ಮೀ. ರೇಡಿಯೋಗೆ ಹೋಗುವ ಟಿವಿ ಕೇಬಲ್‌ನ ತುದಿ ಸುಲಿದು, ನಡುವಿನ ಎಳೆಗೆ ಒಂದು ತುಂಡು, ಸುತ್ತಲಿನ ಜಾಲರಿಯನ್ನು ಹುರಿ ಮಾಡಿ ಅದಕ್ಕೆ ಇನ್ನೊಂದು. ಅಗ್ಗದ ಕೇಬಲ್‌ನ ಜಾಲರಿ ಅಲ್ಯೂಮಿನಿಯಂ, ಬೆಸುಗೆ ಹಿಡಿಯಲ್ಲ. ಸುಮ್ನೆ ಒದ್ದಾಡಬೇಡಿ, ಸ್ಕ್ರೂ ಕನೆಕ್ಟರ್ ಹಾಕಿ. ಜಾಲರಿಯ ಒಂದೆಳೆಯೂ ನಡುವಿನ ತಂತಿಗೆ ತಾಗಬಾರದು.

ಎರಡೂ ತುಂಡನ್ನು ವಿರುದ್ಧ ದಿಕ್ಕಿಗೆ ಒಂದೇ ಸಾಲಿನಲ್ಲಿ ನೆಟ್ಟಗೆ ಎಳೆದು, ತುದಿಗಳನ್ನು ನೈಲಾನ್ ದಾರದಿಂದ ಪಕಾಸಿಗೆ ಕಟ್ಟಿ. ತಂತಿ ಮೈಸೂರಿನ ದಿಕ್ಕಿಗೆ ಅಡ್ಡಲಾಗಿರಲಿ. ಕರೆಂಟ್ ವೈರ್, ಎಲ್‌ಇಡಿ ಬಲ್ಬ್‌ನಿಂದ ದೂರವಿಡಿ. ಗರ್ ಅನ್ನೋ ಸದ್ದು ಜಾಸ್ತಿ ಬರೋದು ಅಲ್ಲಿಂದಲೇ. ಸಿಗ್ನಲ್ ಹೆಚ್ಚಿಸೋ ಬೂಸ್ಟರ್ ಸದ್ಯಕ್ಕೆ ತರಬೇಡಿ.