ಕೌದಿಯ ಅಂಚು ಸುರುಟಿಕೊಂಡರೆ ಏನು ಮಾಡಬೇಕು?

ಪ್ರಶ್ನೆ: ಅಮ್ಮನ ಹಳೆಯ ಹತ್ತಿ ಸೀರೆಗಳನ್ನು ಸೇರಿಸಿ 5 ಅಡಿ ಅಗಲ, 7 ಅಡಿ ಉದ್ದದ ಕೌದಿ ಹೊಲಿದಿದ್ದೇನೆ. ರವಿಕೆಯ ಕೊರಳಿಗೆ ಮಾಡುವಂತೆಯೇ ಬಟ್ಟೆಯ ಎಳೆಗೆ ಓರೆಯಾಗಿ 1.5 ಇಂಚಿನ ಕ್ರಾಸ್ ಪಟ್ಟಿ ಕತ್ತರಿಸಿ ಅಂಚು ಕಟ್ಟಿದೆ. ಈಗ ಅಂಚೆಲ್ಲ ಸುರುಟಿಕೊಂಡಿದೆ, ಮೂಲೆಗಳು ಗಂಟಿನಂತೆ ಉಬ್ಬಿವೆ, ಕೆಲವೆಡೆ ಪಟ್ಟಿ ಹಿಂಬದಿಗೆ ತಲುಪುವುದೇ ಇಲ್ಲ. ಪೂರ್ತಿ ಬಿಚ್ಚಬೇಕೇ? ಅಮ್ಮನ ಮೈಸೂರು ರೇಷ್ಮೆ ಸೀರೆಯ ಜರಿ ಅಂಚನ್ನೇ ಪಟ್ಟಿಯಾಗಿ ಬಳಸಬಹುದೇ?
— ಓದುಗರು, ಮಂಡ್ಯ

ಉತ್ತರ: ಬಿಚ್ಚಲೇಬೇಕು; ಆದರೆ ಪಟ್ಟಿಯನ್ನು ಮಾತ್ರ, ಕೌದಿಯನ್ನಲ್ಲ. ನಿಮ್ಮ ಮೂರು ತೊಂದರೆಗಳಲ್ಲಿ ಎರಡು ರವಿಕೆ ಹೊಲಿಯುವ ಅಭ್ಯಾಸದಿಂದಲೇ ಬಂದಿವೆ. ಕೊರಳು ದುಂಡಗಿರುವುದರಿಂದ ಅಲ್ಲಿ ಹಿಗ್ಗುವ ಕ್ರಾಸ್ ಪಟ್ಟಿ ಬೇಕು. ಕೌದಿಯ ಬದಿಗಳು ನೇರವಾಗಿರುವಾಗ ಅದೇ ಪಟ್ಟಿ ಮಷೀನಿನ ಕೆಳಗೆ ಕೈಗೆ ಸಿಕ್ಕಷ್ಟೂ ಹಿಗ್ಗುತ್ತದೆ, ಹೊಲಿಗೆ ಮುಗಿದ ಮೇಲೆ ತನ್ನ ಮೊದಲಿನ ಅಳತೆಗೆ ಕುಗ್ಗಿ ಅಂಚನ್ನು ಒಳಕ್ಕೆ ಎಳೆಯುತ್ತದೆ. ಎಳೆಯ ಉದ್ದಕ್ಕೆ ನೇರವಾಗಿ ಕತ್ತರಿಸಿದ ಪಟ್ಟಿಯೇ ಇಲ್ಲಿ ಸರಿ. ಮೂಲೆಗಳನ್ನು ದುಂಡಗೆ ಕತ್ತರಿಸಿದ್ದರೆ ಮಾತ್ರ ಕ್ರಾಸ್ ಬೇಕಾಗುತ್ತದೆ.

ಅಗಲವೂ ಸಾಲದು. ಹಲವು ಪದರ ಸೀರೆಗಳ ದಪ್ಪವನ್ನು ಸುತ್ತಿ ಹಿಂದಕ್ಕೆ ಬರಬೇಕಾದರೆ 2.5 ಇಂಚಿನ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ ಇಸ್ತ್ರಿ ಮಾಡಿಕೊಳ್ಳಬೇಕು. ಎರಡು ಪದರವಾಗುವುದರಿಂದ ಬೇಗ ಸವೆಯುವುದೂ ಇಲ್ಲ. ನಿಮ್ಮ ಕೌದಿಯ ಸುತ್ತಳತೆ 288 ಇಂಚು, ಮೂಲೆ ಮತ್ತು ಜೋಡಣೆಗೆ ಇನ್ನೊಂದು 12 ಇಂಚು ಸೇರಿಸಿ. 44 ಇಂಚು ಪನ್ನದ (ಅಗಲದ) ಬಟ್ಟೆಯಿಂದ ಅಗಲಕ್ಕೆ 8 ಪಟ್ಟಿಗಳು ಬೇಕಾಗುತ್ತವೆ. ಮುಕ್ಕಾಲು ಮೀಟರ್ ಹತ್ತಿ ಬಟ್ಟೆ ಕೊಂಡು ಮೊದಲು ಒಗೆದು ಒಣಗಿಸಿದರೆ ಕುಗ್ಗುವುದೂ ಬಣ್ಣ ಬಿಡುವುದೂ ಅಲ್ಲೇ ಮುಗಿಯುತ್ತದೆ. ಪಟ್ಟಿಗಳನ್ನು ಮಡಚುವ ಮೊದಲೇ ಓರೆಯಾಗಿ ಸೇರಿಸಿ, ಇಲ್ಲವಾದರೆ ಪ್ರತಿ ಜೋಡಣೆಯಲ್ಲೂ ಒಂದು ಗುಬುಟು ಉಳಿಯುತ್ತದೆ.

ಹೊಲಿಗೆಯನ್ನು ಮೂಲೆಯಿಂದಲ್ಲ, ಒಂದು ಬದಿಯ ನಡುವಿನಿಂದ ಆರಂಭಿಸಿ, ಮೊದಲಿಗೆ 8 ಇಂಚು ಪಟ್ಟಿಯನ್ನು ಹೊಲಿಯದೆ ಬಿಟ್ಟು, ಪಟ್ಟಿಯ ಬಿಡಿ ಅಂಚುಗಳನ್ನು ಕೌದಿಯ ಅಂಚಿಗೆ ಸರಿಯಾಗಿ ಕೂರಿಸಿ ಕಾಲು ಇಂಚು ಒಳಗೆ ಹೊಲಿಯುತ್ತಾ ಹೋಗಿ. ಗಂಟು ಹುಟ್ಟುವುದು ಮೂಲೆಯಲ್ಲಿ. ಬಟ್ಟೆಯ ತುದಿಯವರೆಗೂ ಹೊಲಿಯದೆ, ಇನ್ನು ಕಾಲು ಇಂಚು ಇರುವಾಗಲೇ ನಿಲ್ಲಿಸಿ, ಎರಡು ಹೊಲಿಗೆ ಹಿಂದಕ್ಕೆ ಹಾಕಿ ದಾರ ಕತ್ತರಿಸಿ. ಪಟ್ಟಿಯನ್ನು ನೇರ ಮೇಲಕ್ಕೆ ಎತ್ತಿ ಮಡಚಿದರೆ 45 ಡಿಗ್ರಿಯ ಓರೆ ಮಡಿಕೆ ಬೀಳುತ್ತದೆ. ಅದನ್ನು ಬೆರಳಲ್ಲಿ ಒತ್ತಿ ಹಿಡಿದು, ಪಟ್ಟಿಯನ್ನು ಮುಂದಿನ ಬದಿಯ ಮೇಲೆ ಕೆಳಕ್ಕೆ ಮಡಚಿ, ಈ ಎರಡನೆಯ ಮಡಿಕೆ ಕೌದಿಯ ಮೇಲಿನ ಅಂಚಿಗೆ ಸರಿಯಾಗಿ ಕೂರುವಂತೆ ಇಟ್ಟು ಅಲ್ಲಿಂದಲೇ ಮತ್ತೆ ಹೊಲಿಗೆ ಹಿಡಿಯಿರಿ. ನನ್ನ ಮೊದಲ ಕೌದಿಯಲ್ಲಿ ನಾಲ್ಕು ಮೂಲೆಯೂ ಕೆಟ್ಟದ್ದು ಈ ಕಾಲು ಇಂಚನ್ನು ಬಿಡದೆ ಹೋದದ್ದರಿಂದಲೇ.

ಕೊನೆಗೆ ಎರಡು ತುದಿಗಳು ಪಟ್ಟಿಯ ಅಗಲದಷ್ಟೇ, ಅಂದರೆ 2.5 ಇಂಚು, ಒಂದರ ಮೇಲೊಂದು ಬರುವಂತೆ ಕತ್ತರಿಸಿ, ಮಡಿಕೆ ಬಿಚ್ಚಿ, ಅವನ್ನೂ ಓರೆಯಾಗಿ ಸೇರಿಸಿ. ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿ, ಮಷೀನ್ ಹೊಲಿಗೆ ಮುಚ್ಚುವಂತೆ ಕೈಯಿಂದಲೇ ಹೆಮ್ಮಿಂಗ್ ಮಾಡಿ. ದಾರ ಒಂದೂವರೆ ಅಡಿಗಿಂತ ಉದ್ದವಿದ್ದರೆ ಸಿಕ್ಕಾಗುತ್ತದೆ. (ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೌದಿಗೆ ಈ ಕಷ್ಟವೇ ಇಲ್ಲ: ಅವರು ಅಂಚನ್ನು ಒಳಕ್ಕೆ ಮಡಚಿ, ಅಲ್ಲಿಂದಲೇ ಹೊಲಿಯಲು ತೊಡಗಿ ಸುತ್ತುತ್ತಾ ನಡುವಿಗೆ ಬರುತ್ತಾರೆ.)

ರೇಷ್ಮೆ ಅಂಚಿನ ಬಗ್ಗೆ ನನ್ನ ಸಲಹೆ ಬೇಡವೆಂದೇ. 1912ರಿಂದ ಮೈಸೂರಿನಲ್ಲಿ ನೇಯುತ್ತಿರುವ ಈ ಕ್ರೇಪ್ ರೇಷ್ಮೆಯ ನೂಲು ಬಿಗಿಯಾಗಿ ಹುರಿಗೊಂಡದ್ದು; ನೀರು ಬಿದ್ದರೆ ಹತ್ತಿಯಂತಲ್ಲದೆ ತನ್ನದೇ ರೀತಿಯಲ್ಲಿ ಕುಗ್ಗುತ್ತದೆ, ಆಗ ಅಂಚು ಮತ್ತೆ ಸುರುಟುತ್ತದೆ. ಜರಿಯೂ ಒಗೆತಕ್ಕೆ ಬಾಳುವುದಿಲ್ಲ, ಮಲಗಿದವರ ಗದ್ದಕ್ಕೂ ತರಚುತ್ತದೆ. ಆ ಅಂಚನ್ನು ಹತ್ತಿ ದಿಂಬಿನ ಗವಸಿನ ಮೇಲೆ ಕಚ್ಚಾ ಹೊಲಿಗೆಯಲ್ಲಿ ಕೂರಿಸಿದರೆ, ಒಗೆಯುವ ದಿನ ಬಿಚ್ಚಿ ತೆಗೆದಿಡಬಹುದು.