ಕಬ್ಬಿನ ಟ್ರೇಲರಿಗೆ ಯಾವ ಬೇರಿಂಗ್ ಒಳ್ಳೇದು? ವರ್ಷಕ್ಕೆ ಎರಡು ಸಲ ಹೋಗ್ತಿದೆ

ಹಿಂದಿನ ಎಡಚಕ್ರದ ಬೇರಿಂಗ್ ಒಂದೇ ವರ್ಷದಲ್ಲಿ ಎರಡು ಸಲ ಹೋಯ್ತು, ಈ ಸಲ ಯಾವ ಕಂಪನಿಯದು ಹಾಕಿಸಲಿ ಅಂತ ಕೇಳಿದ್ದೀರಿ. ಕಂಪನಿ ವಿಷಯ ಆಮೇಲೆ ನೋಡೋಣ. ಮೊದಲು ಇದನ್ನು ನೆನಪು ಮಾಡಿಕೊಳ್ಳಿ: ಲೋಡ್ ಇಳಿಸಿ ಬಂದವರೇ ಗಾಡಿಯನ್ನು ನಾಲೆಗೋ ಕೆರೆಗೋ ಇಳಿಸಿ ತೊಳೆಯುವ ಅಭ್ಯಾಸ ಇದೆಯಾ?

ನಾನು ಮಂಡ್ಯದ ಕಡೆಯವನು, ಫ್ಯಾಕ್ಟರಿಗೆ ಕಬ್ಬು ಹೊಡೆಯುತ್ತೇನೆ. ವಿ.ಸಿ. ನಾಲೆ ಪಕ್ಕದಲ್ಲೇ ಇದ್ದುದರಿಂದ ನಾನೂ ಹಾಗೇ ಮಾಡುತ್ತಿದ್ದೆ. ಒಂದು ರಾತ್ರಿ ತುಂಬಿದ ಲೋಡಿನ ಜೊತೆ ಹೋಗುವಾಗ ಚಕ್ರ ಕಿರ್ ಅಂತ ಹಿಡಿದು ನಿಂತೇಬಿಟ್ಟಿತು. ಬೆಳಿಗ್ಗೆ ಹಬ್ (ಚಕ್ರದ ನಡುವೆ ಬೇರಿಂಗ್ ಕೂರುವ ಭಾಗ) ಬಿಚ್ಚಿದರೆ ಒಳಗಿನ ಗ್ರೀಸ್ ಹಾಲು ಕಲಸಿದ ಹಾಗೆ ಬೆಳ್ಳಗಿತ್ತು. ರೋಲರುಗಳು ನೀಲಿ ತಿರುಗಿದ್ದವು, ಕಪ್, ಅಂದರೆ ಬೇರಿಂಗಿನ ಹೊರಬಳೆಯ ಒಳಮೈಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಚಕ್ಕೆ ಎದ್ದಿತ್ತು. ಆ ಬೇರಿಂಗ್ ಒಳ್ಳೆ ಕಂಪನಿಯದೇ. ಅದನ್ನು ಕೊಂದಿದ್ದು ನೀರು.

ಓಡಿ ಬಂದ ಹಬ್ ಬಿಸಿ ಇರುತ್ತೆ, ಒಳಗಿನ ಗಾಳಿ ಹಿಗ್ಗಿರುತ್ತೆ. ತಣ್ಣೀರಿಗೆ ಇಳಿಸಿದ ತಕ್ಷಣ ಆ ಗಾಳಿ ಕುಗ್ಗಿ, ಆಯಿಲ್ ಸೀಲಿನ (ಗ್ರೀಸ್ ಹೊರಗೆ, ನೀರು ಒಳಗೆ ಹೋಗದಂತೆ ತಡೆಯುವ ರಬ್ಬರ್ ಬಳೆ) ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತೆ. ಹೊರಗಡೆ ನೋಡಿದರೆ ಏನೂ ಗೊತ್ತಾಗಲ್ಲ. ಆದ್ದರಿಂದ ತೊಳೆಯೋದಾದರೆ ಹಬ್ ಪೂರ್ತಿ ಆರಿದ ಮೇಲೆ ತೊಳೆಯಿರಿ, ಹಬ್ಬನ್ನಂತೂ ಮುಳುಗಿಸಲೇಬೇಡಿ. ಬೇರಿಂಗ್ ಬಿಚ್ಚಿದಾಗೆಲ್ಲ ಸೀಲ್ ಹೊಸದು ಹಾಕಿ. ಬೇರಿಂಗಿನ ಬೆಲೆ ಮುಂದೆ ಅದರ ಬೆಲೆ ಏನೂ ಅಲ್ಲ. ಸೀಲಿನ ತುಟಿ ಕೂರುವ ಜಾಗದಲ್ಲಿ ಆಕ್ಸಲ್ ಸವೆದು ಗೀರು ಬಿದ್ದಿದ್ದರೆ ಎಂಥ ಸೀಲ್ ಹಾಕಿದರೂ ನೀರು ತಡೆಯಲ್ಲ. ಅದನ್ನು ಲೇತಿನವರ ಹತ್ತಿರ ಸರಿ ಮಾಡಿಸಿ.

ಈಗ ಬೇರಿಂಗ್ ಆರಿಸುವುದು. ಅಂಗಡಿಯವರು ಕೊಟ್ಟಿದ್ದನ್ನು ತರಬೇಡಿ, ಹಳೆಯದನ್ನು ಒರೆಸಿ ನಂಬರ್ ಓದಿ. 30210 ಅಂತ ಇದ್ದರೆ ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿ: 50 ಮಿ.ಮೀ. ಒಳಗಿನ ತೂತು, ಅಂದರೆ ಆಕ್ಸಲಿನ ದಪ್ಪ. 32210 ಅಂದರೆ ತೂತು ಅದೇ 50, ಹೊರಗಿನ ಅಳತೆಯೂ ಅದೇ 90 ಮಿ.ಮೀ. ಆದರೆ ಅಗಲ 21.75 ಬದಲು 24.75, ಹಾಗಾಗಿ ಸ್ವಲ್ಪ ಹೆಚ್ಚು ಭಾರ ತಡೆಯುತ್ತೆ. "ಗಟ್ಟಿ ಇರುತ್ತೆ, ಇದನ್ನೇ ಹಾಕಿಸಿ" ಅಂತ ಕೆಲವರು ಹೇಳುತ್ತಾರೆ. ಆ 3 ಮಿ.ಮೀ.ನಿಂದ ನಟ್ ಹೊರಕ್ಕೆ ಸರಿದು ಸ್ಪ್ಲಿಟ್ ಪಿನ್ನಿನ (ನಟ್ ತಿರುಗದಂತೆ ಹಿಡಿಯುವ ಪಿನ್) ತೂತಿಗೆ ಸಿಗದೇ ಹೋಗಬಹುದು. ಪಿನ್ ಇಲ್ಲದ ನಟ್ ಬಿಚ್ಚಿಕೊಂಡರೆ ಚಕ್ರ ಕಳಚಿ ರಸ್ತೆಗೆ ಬೀಳುತ್ತೆ, ಹಿಂದೆ ಬೈಕಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬರುವವರಿರುತ್ತಾರೆ. ನಾನಂತೂ ಮೊದಲಿದ್ದ ನಂಬರೇ ಹಾಕುತ್ತೇನೆ. ಕಪ್ ಒಂದು ಹಳೇದು, ಕೋನ್ (ರೋಲರುಗಳಿರುವ ಒಳಭಾಗ) ಒಂದು ಹೊಸದು ಅಂತ ಜೋಡಿಸಬೇಡಿ, ಎರಡೂ ಒಟ್ಟಿಗೆ ಬದಲಾಗಬೇಕು.

ಕಂಪನಿ ಕೇಳಿದಿರಲ್ಲ: ಟಿಮ್ಕೆನ್, ಎಸ್‌ಕೆಎಫ್, ಎನ್‌ಬಿಸಿ ಯಾವುದಾದರೂ ಸರಿ, ಅಸಲಿ ಆಗಿರಬೇಕು ಅಷ್ಟೇ. ಹೆಸರಿರುವ ಮಾಲಿಗೇ ಡೂಪ್ಲಿಕೇಟ್ ಜಾಸ್ತಿ. ಅರ್ಧ ಬೆಲೆಗೆ ಸಿಕ್ಕರೆ, ಬಿಲ್ ಕೊಡಲ್ಲ ಅಂದರೆ ವಾಪಸ್ ಬನ್ನಿ.

ಕೂರಿಸುವಾಗ ಕಪ್ಪನ್ನು ಸುತ್ತಿಗೆಯಿಂದ ನೇರ ಬಡಿಯಲು ಬಿಡಬೇಡಿ. ಹಿತ್ತಾಳೆ ಸರಳು ಇಟ್ಟು ಸುತ್ತಲೂ ಸಮನಾಗಿ ಇಳಿಸಬೇಕು. ಕೋನಿಗೆ ಗ್ರೀಸ್ ತುಂಬುವುದು ಅಂಗೈಯಲ್ಲೇ: ಅಂಗೈ ಮೇಲೆ ಗುಡ್ಡೆ ಗ್ರೀಸ್ ಇಟ್ಟುಕೊಂಡು ಕೋನಿನ ದಪ್ಪ ಕಡೆಯನ್ನು ಒತ್ತಿ ಒತ್ತಿ ಎಳೆಯಿರಿ, ಆ ಕಡೆಯ ರೋಲರುಗಳ ಸಂದಿಯಿಂದ ಹೊರಬರುವವರೆಗೂ. ಮೇಲೆ ಸವರಿದರೆ ಒಳಗೆ ಒಣಗಿಯೇ ಇರುತ್ತೆ. ಹಬ್ಬಿನ ಒಳಗೆ ಮಾತ್ರ ಕಂಠಪೂರ್ತಿ ತುಂಬಬೇಡಿ, ಅರ್ಧದೊಳಗಿರಲಿ. ವೀಲ್ ಬೇರಿಂಗಿನ ಲಿಥಿಯಂ ಗ್ರೀಸ್ ತನ್ನಿ. ಅಗ್ಗದ ಚಾಸಿ ಗ್ರೀಸ್ ಬಿಸಿಗೆ ಕರಗಿ ಸೋರುತ್ತೆ. ಹಳೆ ಗ್ರೀಸ್ ಮೇಲೆ ಹೊಸದು ಹಚ್ಚೋದು ಬೇಡ, ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು ಪೂರ್ತಿ ಒಣಗಿಸಿ.

ನಟ್ ಬಿಗಿಯೋದರಲ್ಲಿ ಬಹಳ ಜನ ತಪ್ಪುತ್ತಾರೆ. ಚಕ್ರವನ್ನು ಕೈಯಿಂದ ತಿರುಗಿಸುತ್ತಲೇ, ಬಿಗಿ ಹಿಡಿಯುವವರೆಗೆ ನಟ್ ಬಿಗಿಯಿರಿ. ಆಮೇಲೆ ಪೂರ್ತಿ ಸಡಿಲಿಸಿ ಮತ್ತೆ ಬೆರಳಲ್ಲಿ ಮಾತ್ರ ಬಿಗಿ ಮಾಡಿ. ಪಿನ್ನಿನ ತೂತು ಸರಿಹೊಂದದಿದ್ದರೆ ಹಿಂದಕ್ಕೆ ತಿರುಗಿಸಿ ಹತ್ತಿರದ ತೂತಿಗೆ ತನ್ನಿ, ಮುಂದಕ್ಕೆ ಬೇಡ. ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಕೈಗೆ ಸಿಕ್ಕೂ ಸಿಗದಷ್ಟು ಆಟ (ಸಡಿಲ) ಇರಬೇಕು, ಯಾಕಂದರೆ ಬಿಸಿಯಾದಾಗ ಬೇರಿಂಗ್ ಹಿಗ್ಗುತ್ತೆ. ಹೊಸ ಬೇರಿಂಗ್ ಹಾಕಿ ಒಂದೆರಡು ಲೋಡ್ ಹೊಡೆದ ಮೇಲೆ ಜಾಕ್ ಕೊಟ್ಟು ಆಟ ಮತ್ತೊಮ್ಮೆ ನೋಡಿ.

ಎಷ್ಟು ದಿನಕ್ಕೊಮ್ಮೆ ಬಿಚ್ಚಬೇಕು ಅಂದರೆ, ಸೀಸನ್ ಶುರುವಾಗುವ ಮೊದಲು ಒಂದು ಸಲ ನಾಲ್ಕೂ ಹಬ್. ಮಧ್ಯದಲ್ಲಿ ಕೆಸರು ಗದ್ದೆಯಲ್ಲಿ ಹೂತಿದ್ದರೆ ಅದನ್ನು ಮಾತ್ರ. ಮಿಕ್ಕಂತೆ ಪ್ರತಿ ಟ್ರಿಪ್ಪಿನ ಕೊನೆಗೆ ಹಿಂಗೈಯಿಂದ ನಾಲ್ಕೂ ಹಬ್ ಮುಟ್ಟಿ ನೋಡುತ್ತೇನೆ. ನನ್ನ ಟ್ರೇಲರಿಗೆ ಬ್ರೇಕ್ ಇಲ್ಲ, ಆದ್ದರಿಂದ ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಮೊದಲ ಅನುಮಾನ ಬೇರಿಂಗ್ ಮೇಲೇ, ಮಾರನೇ ದಿನ ಲೋಡ್ ಹಾಕಲ್ಲ. ಟ್ರ್ಯಾಕ್ಟರಿನ ಟೂಲ್ ಬಾಕ್ಸಿನಲ್ಲಿ ಒಳಗಿನದು ಒಂದು, ಹೊರಗಿನದು ಒಂದು ಬೇರಿಂಗ್, ಒಂದು ಸೀಲ್, ನಾಲ್ಕು ಸ್ಪ್ಲಿಟ್ ಪಿನ್ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿರುತ್ತೇನೆ. ಬೇರಿಂಗ್ ನಂಬರನ್ನು ಟ್ರೇಲರಿನ ಚಾಸಿ ಮೇಲೇ ಪೇಂಟಿನಲ್ಲಿ ಬರೆಸಿದ್ದೇನೆ.